ತಂತ್ರಾಂಶದ ಅಭಿವೃದ್ಧಿ ನಿಂತಿದೆಯೇ? ಲಕ್ಷಣಗಳಿಂದ ದೋಷ ಪತ್ತೆಮಾಡುವ ಕೈಪಿಡಿ

ತಂತ್ರಾಂಶವೊಂದರ ಅಭಿವೃದ್ಧಿ ನಿಂತುಹೋಗಿದೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಅದನ್ನು ಕಿತ್ತುಹಾಕಲು ಹೊರಡುವವರಿದ್ದಾರೆ. ಇಷ್ಟು ವರ್ಷ ಓಡಿದ್ದು ಇನ್ನಷ್ಟು ವರ್ಷ ಓಡದೆ ಇದ್ದೀತೆ ಎಂದು ಸುಮ್ಮನಿರುವವರೂ ಇದ್ದಾರೆ. ಇಬ್ಬರೂ ನೋಡಬೇಕಾದುದನ್ನು ನೋಡದೆಯೇ ತೀರ್ಮಾನಕ್ಕೆ ಬಂದಿರುತ್ತಾರೆ. ಡಿಸ್ಕಿನಲ್ಲಿ ಕುಳಿತ ತಂತ್ರಾಂಶ ತುಕ್ಕು ಹಿಡಿಯುವುದಿಲ್ಲ. ನಿನ್ನೆ ಮಾಡಿದ ಕೆಲಸವನ್ನೇ ನಾಳೆಯೂ ಮಾಡುತ್ತದೆ. ಬದಲಾಗುವುದು ಅದರ ಸುತ್ತಲಿನದು: ಆಪರೇಟಿಂಗ್ ಸಿಸ್ಟಂ, ಪ್ರಿಂಟರಿನ ಡ್ರೈವರ್, ಅಂತರಜಾಲದ ಭದ್ರತಾ ನಿಯಮಗಳು, ಬೇರೆಯವರು ಕಳುಹಿಸುವ ಕಡತದ ರೂಪ, ಕನ್ನ ಹಾಕುವವರ ತಿಳಿವಳಿಕೆ. ಆದ್ದರಿಂದ, ಬೆಳವಣಿಗೆ ನಿಂತ ಈ ತಂತ್ರಾಂಶ ಬದಲಾಗುತ್ತಲೇ ಇರುವ ಯಾವ ಯಾವುದಕ್ಕೆ ತಾಗಿಕೊಂಡಿದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಕೆಳಗಿನ ಲಕ್ಷಣಗಳನ್ನು ಪರಿಶೀಲಿಸಲಾಗಿದೆ. ಹಳೆಯ ತಂತ್ರಾಂಶವನ್ನು ನೆಚ್ಚಿಕೊಂಡ ಕಚೇರಿ, ಡಿಟಿಪಿ ಕೇಂದ್ರಗಳವರಿಗೂ, ಬೇರೆಯವರು ಬರೆದ ಪ್ಯಾಕೇಜುಗಳ (ಸಿದ್ಧ ಕೋಡಿನ ಕಟ್ಟುಗಳ) ಮೇಲೆ ತಮ್ಮ ತಂತ್ರಾಂಶ ಕಟ್ಟುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಕೈ ಹಾಕುವ ಮೊದಲು

ಬೆಂಗಳೂರಿನಲ್ಲಿ ಕಂಪ್ಯೂಟರ್ ತೊಂದರೆ ಕೊಟ್ಟಾಗ ಮೊದಲು ಕೇಳಿಬರುವ ಸಲಹೆ, ತಂತ್ರಾಂಶವನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಎಂಬುದು. ಅದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್ ಹೊಡೆಸಿಬಿಡಿ ಎಂಬುದು. ಕಂಪನಿಯ ಬೆಂಬಲ ಇನ್ನೂ ಇರುವ ತಂತ್ರಾಂಶದ ಮಟ್ಟಿಗೆ ಈ ಸಲಹೆಯಿಂದ ದೊಡ್ಡ ಹಾನಿಯೇನಿಲ್ಲ. ಬೆಳವಣಿಗೆ ನಿಂತ ತಂತ್ರಾಂಶಕ್ಕೆ ಮಾತ್ರ ಇದು ಮಾರಕವಾಗಬಹುದು. ಮತ್ತೆ ಹಾಕಲು ಹೊರಟಾಗ ಪರವಾನಗಿಯನ್ನು ಪರಿಶೀಲಿಸುವ ಸರ್ವರ್ ಮುಚ್ಚಿಹೋಗಿರಬಹುದು, ಮೂಲ ಸಿ.ಡಿ. ಓದದೆ ಇರಬಹುದು, ಡಾಂಗಲ್‌ನ (ಪರವಾನಗಿಗಾಗಿ ಯಂತ್ರಕ್ಕೆ ಚುಚ್ಚುವ ಸಾಧನದ) ಡ್ರೈವರ್ ಎಲ್ಲಿಯೂ ಸಿಗದೆ ಇರಬಹುದು. ಅಂತಹ ತಂತ್ರಾಂಶ ಅರ್ಧಂಬರ್ಧ ಓಡುತ್ತಿದ್ದರೂ ಅದನ್ನು ಅಳಿಸಕೂಡದು.

ಮೊದಲು ಅದರ ದತ್ತಾಂಶವನ್ನು ಬೇರೆ ಎರಡು ಡಿಸ್ಕುಗಳಿಗೆ ನಕಲಿಸಿಕೊಳ್ಳಿ. ಒಂದು ನಕಲನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬೇಡಿ. ತಂತ್ರಾಂಶದ 'ಅಬೌಟ್' ಕಿಟಕಿಯಲ್ಲಿರುವ ಆವೃತ್ತಿಯ ಸಂಖ್ಯೆ, ಪರವಾನಗಿಯ ಕೀ, ಪರದೆಯ ಮೇಲೆ ಬಂದ ದೋಷದ ಸಂದೇಶ, ಇಷ್ಟನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಲಕ್ಷಣ: ಚೆನ್ನಾಗಿಯೇ ಓಡುತ್ತಿದೆ, ಆದರೆ ವರ್ಷಗಳಿಂದ ಅಪ್‌ಡೇಟ್ ಬಂದಿಲ್ಲ

ಅಪ್‌ಡೇಟ್ ಬಾರದಿರುವುದೇ ರೋಗವಲ್ಲ. ಡೊನಾಲ್ಡ್ ಕನೂತ್ ಅವರ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶಕ್ಕೆ 1990ರ ಬಳಿಕ ಹೊಸ ಸೌಲಭ್ಯಗಳು ಸೇರಿಲ್ಲ. ದೋಷಗಳನ್ನು ಹಲವು ವರ್ಷಗಳಿಗೊಮ್ಮೆ ತಿದ್ದುತ್ತಾರೆ. ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆ ಪೈ ಬೆಲೆಗೆ ಇನ್ನೊಂದು ಅಂಕಿಯಷ್ಟು ಹತ್ತಿರವಾಗುತ್ತದೆ. 2021ರಲ್ಲಿ ಅದು 3.141592653 ಆಯಿತು. ಮುಂದಿನ ಪರಿಶೀಲನೆ 2029ಕ್ಕೆ. ಇದು ಮುಗಿದ ಕೆಲಸವೇ ಹೊರತು ಕೈಬಿಟ್ಟ ಕೆಲಸವಲ್ಲ.

ಇವೆರಡರ ವ್ಯತ್ಯಾಸವನ್ನು ಖರ್ಚಿಲ್ಲದೆಯೇ ತಿಳಿಯಬಹುದು. ತಂತ್ರಾಂಶದ ಕೊನೆಯ ಆವೃತ್ತಿಯ ದಿನಾಂಕಕ್ಕಿಂತ, ಬಳಕೆದಾರರು ದಾಖಲಿಸಿದ ದೂರುಗಳಿಗೆ ನಿರ್ವಾಹಕರು ಕೊನೆಯ ಬಾರಿ ಉತ್ತರಿಸಿದ ದಿನಾಂಕ ಹೆಚ್ಚು ವಿಷಯ ಹೇಳುತ್ತದೆ. ಮೂರು ವರ್ಷದಿಂದ ಹೊಸ ಆವೃತ್ತಿ ಇಲ್ಲದಿದ್ದರೂ ಕಳೆದ ತಿಂಗಳು ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಬಂದಿದ್ದರೆ ಮನೆಯಲ್ಲಿ ಜನರಿದ್ದಾರೆ ಎಂದರ್ಥ. ಭದ್ರತೆಗೆ ಸಂಬಂಧಿಸಿದ ದೂರುಗಳೇ ಉತ್ತರವಿಲ್ಲದೆ ಸಾಲುಗಟ್ಟಿದ್ದರೆ ಅದು ಕೆಟ್ಟ ಲಕ್ಷಣ.

ಎರಡನೆಯದಾಗಿ, ಅದು ಜಾಲಕ್ಕೆ ತಾಗುತ್ತದೆಯೇ, ಅಪರಿಚಿತರ ಕಡತಗಳನ್ನು ತೆರೆಯುತ್ತದೆಯೇ ಎಂದು ನೋಡಿ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ನನ್ನ ಅಭಿಪ್ರಾಯದಲ್ಲಿ ಅದನ್ನು ಅದರ ಪಾಡಿಗೆ ಬಿಡುವುದೇ ಸರಿ; ಯಂತ್ರ ಬದಲಿಸುವ ದಿನ ಬಂದಾಗ ಯೋಚಿಸಿದರಾಯಿತು. ಒಂದಕ್ಕಾದರೂ ಹೌದು ಎಂದಾದರೆ ಬದಲಿಯನ್ನು ಈಗಲೇ ಹುಡುಕಬೇಕು, ಮತ್ತು ಮುಕ್ತ ತಂತ್ರಾಂಶವಾಗಿದ್ದರೆ ಮೊದಲು ಅದರ ಕವಲುಗಳನ್ನು, ಅಂದರೆ ಅದೇ ಕೋಡನ್ನು ಬೇರೆಯವರು ಮುಂದುವರಿಸಿದ ತಂತ್ರಾಂಶಗಳನ್ನು, ನೋಡಬೇಕು. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಲಿಬ್ರೆಆಫೀಸ್ ಇಂದಿಗೂ ಬೆಳೆಯುತ್ತಿದೆ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಟ್ರೂಕ್ರಿಪ್ಟ್ ಮೇ 2014ರಲ್ಲಿ ಏಕಾಏಕಿ ನಿಂತಾಗ ಅದರ ಬಳಕೆದಾರರಿಗೆ ವೆರಾಕ್ರಿಪ್ಟ್ ಎಂಬ ಕವಲು ಸಿಕ್ಕಿತು. ಕವಲಿಗೆ ಹೋದರೆ ಹಳೆಯ ಕಡತಗಳು ಹಲವು ಸಲ ಹಾಗೆಯೇ ತೆರೆಯುತ್ತವೆ. ಬೇರೆ ತಂತ್ರಾಂಶಕ್ಕೆ ಹೋದರೆ ಆ ಭರವಸೆ ಇರುವುದಿಲ್ಲ.

ಲಕ್ಷಣ: ಇನ್‌ಸ್ಟಾಲ್ ಮಾಡುವಾಗ ಎಚ್ಚರಿಕೆ ಬರುತ್ತದೆ, ಅಥವಾ ಪ್ಯಾಕೇಜಿನ ಪುಟದಲ್ಲಿ ಸೂಚನೆ ಇದೆ

ಈ ಸೂಚನೆಗಳೆಲ್ಲ ಮೇಲ್ನೋಟಕ್ಕೆ ಒಂದೇ ರೀತಿ ಕಂಡರೂ ಅವುಗಳ ತೂಕ ಬೇರೆ ಬೇರೆ. 'ಮೇಂಟೆನೆನ್ಸ್ ಮೋಡ್' ಎಂದಿದ್ದರೆ ಹೊಸ ಸೌಲಭ್ಯ ಬರುವುದಿಲ್ಲ, ಗಂಭೀರ ದೋಷಗಳನ್ನು ಮಾತ್ರ ತಿದ್ದುತ್ತಾರೆ. ದಿನಾಂಕಗಳ ಲೆಕ್ಕಕ್ಕೆ ಬಳಸುವ ಮೊಮೆಂಟ್ ಎಂಬ ಜಾವಾಸ್ಕ್ರಿಪ್ಟ್ ಗ್ರಂಥಾಲಯದ ನಿರ್ವಾಹಕರು ಸೆಪ್ಟೆಂಬರ್ 2020ರಲ್ಲಿ ಹೀಗೆಯೇ ಘೋಷಿಸಿ, ಹೊಸ ಯೋಜನೆಗಳಿಗೆ ಬೇರೆಯದನ್ನು ಆರಿಸಿಕೊಳ್ಳಿ ಎಂದು ತಾವೇ ಸಲಹೆ ಕೊಟ್ಟರು. ಈಗಾಗಲೇ ಅದನ್ನು ಬಳಸಿರುವವರು ಆ ರಾತ್ರಿಯೇ ಎದ್ದು ಕೋಡ್ ಬದಲಿಸಬೇಕಾದ ಪ್ರಮೇಯವೇನೂ ಇರಲಿಲ್ಲ. 'ಡಿಪ್ರಿಕೇಟೆಡ್' ಎಂದಿದ್ದರೆ ಈಗ ಕೆಲಸ ಮಾಡುತ್ತದೆ, ಆದರೆ ಹೊಸದಾಗಿ ಬಳಸಬೇಡಿ ಎಂದರ್ಥ. ಫೆಬ್ರವರಿ 2020ರಿಂದ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನ ರಿಕ್ವೆಸ್ಟ್ ಪ್ಯಾಕೇಜಿನ ಸ್ಥಿತಿ ಇದು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ 'ಆರ್ಕೈವ್ಡ್' ಎಂದು ಕಂಡರೆ ಆ ಸಂಗ್ರಹವನ್ನು ಓದಬಹುದೇ ಹೊರತು ಅಲ್ಲಿ ದೂರು ಕೊಡಲಾಗದು, ತಿದ್ದುಪಡಿ ಕಳುಹಿಸಲಾಗದು. 'ಎಂಡ್ ಆಫ್ ಲೈಫ್' ಎಂದಿದ್ದರೆ ಭದ್ರತಾ ಪ್ಯಾಚ್ (ತಿದ್ದುಪಡಿ) ಕೂಡ ಬರುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿಗೆ ಆ ದಿನ 1 ಜನವರಿ 2020. ವಿಂಡೋಸ್ 7ಕ್ಕೆ ಅದೇ ತಿಂಗಳ 14. ವಿಂಡೋಸ್ 10ರ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ರಂದು ಮುಗಿಯಿತು.

ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ಮೂಲ ನಿರ್ವಾಹಕರು ಕೈಬಿಟ್ಟ ಪ್ಯಾಕೇಜಿಗೂ ಉಬುಂಟು, ಡೆಬಿಯನ್, ರೆಡ್‌ಹ್ಯಾಟ್‌ನಂತಹ ಲಿನಕ್ಸ್ ವಿತರಣೆಗಳವರು ತಮ್ಮ ಕಡೆಯಿಂದ ಭದ್ರತಾ ಪ್ಯಾಚ್ ಸೇರಿಸಿ ಕೊಡುತ್ತಿರಬಹುದು. ಹಾಗಾಗಿ ಆವೃತ್ತಿಯ ಸಂಖ್ಯೆ ಹಳೆಯದೆಂದ ಮಾತ್ರಕ್ಕೆ ದೋಷ ಹಾಗೆಯೇ ಉಳಿದಿದೆ ಎನ್ನಲಾಗದು. ನಿಮ್ಮ ಪ್ಯಾಕೇಜ್ ಎಲ್ಲಿಂದ ಬಂದಿದೆ ಎಂಬುದನ್ನು ಖಚಿತಪಡಿಸಿಕೊಂಡು, ಆ ವಿತರಣೆಯ ಭದ್ರತಾ ಪ್ರಕಟಣೆಗಳನ್ನು ನೋಡಿ.

ಲಕ್ಷಣ: ಜಾಲತಾಣ ತೆರೆಯುತ್ತಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತದೆ

ಮೊದಲು ಪರದೆಯ ಮೂಲೆಯಲ್ಲಿರುವ ಗಡಿಯಾರವನ್ನು ನೋಡಿ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತುಹೋದರೆ ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಇಂದಿನ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೇ ಬಾರದವು ಎಂದು ಕಂಪ್ಯೂಟರ್ ತಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಆರ್2032 ಎಂದು ಕೇಳಿದರೆ ಸೆಲ್ ಸಿಗುತ್ತದೆ. ಸಾಫ್ಟ್‌ವೇರ್ ಸತ್ತಿತು ಎಂದು ಹೊಸ ಯಂತ್ರ ಕೊಳ್ಳುವ ಮೊದಲು ಈ ಸಣ್ಣ ಖರ್ಚನ್ನು ಮಾಡಿ ನೋಡುವುದು ಒಳ್ಳೆಯದು.

ದಿನಾಂಕ ಸರಿಯಿದ್ದರೆ, ಅದೇ ತಾಣವನ್ನು ಮೊಬೈಲಿನಲ್ಲಿ ತೆರೆಯಿರಿ. ಅಲ್ಲಿಯೂ ತೆರೆಯದಿದ್ದರೆ ತೊಂದರೆ ಆ ಬದಿಯದು, ಸೇವೆಯೇ ಮುಚ್ಚಿರಬಹುದು. ಮೊಬೈಲಿನಲ್ಲಿ ತೆರೆದು ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ನಿಮ್ಮ ಕಡೆಯ ತಂತ್ರಾಂಶ ಹಿಂದೆ ಬಿದ್ದಿದೆ. ವಿಂಡೋಸ್ 7ರ ಮೇಲೆ ಕ್ರೋಮ್ 109ಕ್ಕೇ ನಿಂತಿದೆ. 2023ರ ಫೆಬ್ರವರಿಯಲ್ಲಿ ಬಂದ 110 ಅದರ ಮೇಲೆ ಓಡುವುದಿಲ್ಲ. ಇನ್ನೂ ಹಳೆಯ ತಂತ್ರಾಂಶಗಳ ತೊಂದರೆ, ಉಳಿದ ಪ್ರಮಾಣಪತ್ರಗಳ ನಂಬಿಕೆಗೆ ಬುಡವಾದ ಮೂಲ ಪ್ರಮಾಣಪತ್ರಗಳದ್ದು. ಅಸಂಖ್ಯ ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆರಂಭದಿಂದ ಆಧರಿಸಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 30 ಸೆಪ್ಟೆಂಬರ್ 2021ರಂದು ಮುಗಿದಾಗ, ಹೊಸದನ್ನು ಅರಿಯದ ಹಲವು ಹಳೆಯ ಸಾಧನಗಳು ಅಂದಿನಿಂದ ಆ ತಾಣಗಳನ್ನು ನಂಬದಾದವು. ಸಾಧನದಲ್ಲಿ ಏನೂ ಕೆಟ್ಟಿರಲಿಲ್ಲ.

ಎಚ್ಚರಿಕೆ: ಬ್ರೌಸರ್ ಬೇಡವೆಂದಾಗಲೂ ಮುಂದುವರಿಯುವ ಗುಂಡಿ ಒತ್ತಿ ಬ್ಯಾಂಕು, ತೆರಿಗೆ, ಇಮೇಲ್ ತಾಣಗಳಿಗೆ ಹೋಗಬೇಡಿ. ಕೋಡ್ ಬರೆಯುವವರು ಪ್ರಮಾಣಪತ್ರದ ಪರಿಶೀಲನೆಯನ್ನು ಆಫ್ ಮಾಡಿ, ಸದ್ಯಕ್ಕೆ ನಡೆಯಲಿ ಎಂದು ಮುಂದೆ ಸಾಗುವುದು ಈ ಊರಿನ ಕಚೇರಿಗಳಲ್ಲಿ ಅಪರೂಪವೇನಲ್ಲ. ಆ 'ಸದ್ಯ' ಎಂಬುದು ಕೆಲಸ ಬಿಟ್ಟು ಹೋಗುವವರೆಗೂ ಮುಗಿಯುವುದಿಲ್ಲ.

ಡಿಸ್ಕಿನಲ್ಲಿದ್ದದ್ದು ಬದಲಾಗದು ಎಂಬ ಮಾತಿಗೆ ಒಂದು ಅಪವಾದವಿದೆ. ಬ್ರೌಸರಿನಲ್ಲಿ ವಿಡಿಯೊ, ಆಟಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರಿನ ಬೆಂಬಲವನ್ನು ಅಡೋಬಿ 31 ಡಿಸೆಂಬರ್ 2020ರಂದು ನಿಲ್ಲಿಸಿತು. ಅದರ ಕೊನೆಯ ಆವೃತ್ತಿಗಳ ಒಳಗೇ ದಿನಾಂಕ ಅಡಗಿತ್ತು, 12 ಜನವರಿ 2021ರಿಂದ ಅದು ತಾನಾಗಿಯೇ ಓಡಲು ನಿರಾಕರಿಸಿತು. ಒಂದು ನಿರ್ದಿಷ್ಟ ದಿನದಿಂದ, ಎಲ್ಲ ಯಂತ್ರಗಳಲ್ಲಿ ಒಟ್ಟಿಗೆ ನಿಂತಿದ್ದರೆ ಇಂತಹ ಗಡುವನ್ನು ಶಂಕಿಸಿ.

ಲಕ್ಷಣ: ಹೊಸ ಯಂತ್ರಕ್ಕೆ ಹಾಕಿದರೆ ಓಡುವುದೇ ಇಲ್ಲ

ವಿಂಡೋಸ್‌ನಲ್ಲಿ ಮೊದಲು ಮಾಡಿ ನೋಡಬೇಕಾದುದು ತಂತ್ರಾಂಶದ ಐಕಾನ್ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಆಯ್ಕೆ. ಅದರಿಂದ ಆಗದಿದ್ದರೆ, ತಂತ್ರಾಂಶ ಎಷ್ಟು ಬಿಟ್‌ನದು ಎಂದು ನೋಡಿ. 64 ಬಿಟ್ ವಿಂಡೋಸ್ ಮೇಲೆ 32 ಬಿಟ್ ತಂತ್ರಾಂಶಗಳು ಸಾಮಾನ್ಯವಾಗಿ ಓಡುತ್ತವೆ, 16 ಬಿಟ್‌ನವು ಓಡುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್ ರೂಪದಲ್ಲಿ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್ ತಂತ್ರಾಂಶಗಳಿಗೂ ಪ್ರವೇಶವಿಲ್ಲ.

ಪೈಥಾನ್ ಬಳಸುವವರಿಗೆ ಇದೇ ಲಕ್ಷಣ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಪ್ಯಾಕೇಜನ್ನು ಹಾಕಲು ಹೋದಾಗ ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಸಿಗಲಿಲ್ಲ ಎಂಬ ಸಂದೇಶ ಬಂದರೆ, ಅಕ್ಟೋಬರ್ 2023ರಲ್ಲಿ ಬಂದ ಪೈಥಾನ್ 3.12 ಆ ಮಾಡ್ಯೂಲನ್ನು ತೆಗೆದುಹಾಕಿರುವುದೇ ಕಾರಣ. ಸೆಟಪ್‌ಟೂಲ್ಸ್ ಸೇರಿಸಿದರೆ ಹಲವು ಸಲ ಕೆಲಸ ನಡೆಯುತ್ತದೆ. ನಡೆಯದಿದ್ದರೆ ಪ್ರತ್ಯೇಕ ಎನ್ವಿರಾನ್‌ಮೆಂಟಿನಲ್ಲಿ 3.11 ಇಟ್ಟುಕೊಳ್ಳಿ. ಆದರೆ ಆ ಪ್ಯಾಕೇಜಿನ ನಿರ್ವಾಹಕರು ಮುಂದಿನ ಪೈಥಾನ್ ಆವೃತ್ತಿಗಳತ್ತ ನೋಡುತ್ತಿಲ್ಲ ಎಂಬುದನ್ನು ಈ ದೋಷ ಸ್ಪಷ್ಟವಾಗಿಯೇ ಹೇಳುತ್ತಿದೆ. 3.11ರ ಭದ್ರತಾ ಪ್ಯಾಚ್‌ಗಳು ಅಕ್ಟೋಬರ್ 2027ಕ್ಕೆ ನಿಲ್ಲುವುದರಿಂದ, ಬದಲಿ ಹುಡುಕಲು ನಿಮಗಿರುವ ಗಡುವೂ ಅದೇ.

ಯಾವುದೂ ಫಲಿಸದಿದ್ದರೆ ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮಷೀನ್ (ತಂತ್ರಾಂಶದಿಂದಲೇ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ಮಾಡಿ, ಅದರಲ್ಲಿ ಹಳೆಯ ವಿಂಡೋಸ್ ಹಾಕಿ ತಂತ್ರಾಂಶವನ್ನು ಓಡಿಸಬಹುದು. ಅದರ ನೆಟ್‌ವರ್ಕ್ ಆಯ್ಕೆಯನ್ನು ತೆಗೆದುಹಾಕುವುದು ಕಡ್ಡಾಯ. ಹಳೆಯ ತಂತ್ರಾಂಶವನ್ನು ಓಡಿಸಲೆಂದು ಹೊಸ ಯಂತ್ರದ ಆಂಟಿವೈರಸ್ ಆಫ್ ಮಾಡುವುದಾಗಲಿ, ಪರವಾನಗಿ ಕಳೆದುಹೋಯಿತೆಂದು ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟ ಕ್ರ್ಯಾಕ್ ಹಾಕುವುದಾಗಲಿ ಮಾಡಬೇಡಿ. ಮೂಲದಲ್ಲಿ ಇಲ್ಲದ ರೋಗ ಅದರಿಂದ ಬರುತ್ತದೆ.

ಲಕ್ಷಣ: ಹಳೆಯ ಕಡತ ತೆರೆಯುವುದಿಲ್ಲ, ತೆರೆದರೂ ಕನ್ನಡ ಓದಲು ಬರುವುದಿಲ್ಲ

ಕನ್ನಡಿಗರ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ತೊಂದರೆ, ಮತ್ತು ಇದರಲ್ಲಿ ಎರಡು ತೊಂದರೆಗಳು ಹೆಣೆದುಕೊಂಡಿವೆ. ಒಂದು ಪುಟವಿನ್ಯಾಸದ ತಂತ್ರಾಂಶದ್ದು, ಇನ್ನೊಂದು ಅಕ್ಷರಗಳ ಸಂಕೇತದ್ದು. ಬೆಂಗಳೂರಿನ ಡಿಟಿಪಿ ಕೇಂದ್ರಗಳು ಲಗ್ನಪತ್ರಿಕೆಯಿಂದ ಹಿಡಿದು ಸಂಘಸಂಸ್ಥೆಗಳ ಸ್ಮರಣ ಸಂಚಿಕೆಯವರೆಗೆ ವರ್ಷಗಟ್ಟಲೆ ಪೇಜ್‌ಮೇಕರಿನಲ್ಲಿ ಪುಟ ಕಟ್ಟಿವೆ. ಅದರ ಕೊನೆಯ ಮುಖ್ಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. 2004ರಲ್ಲಿ ಅಡೋಬಿ ಅಭಿವೃದ್ಧಿಯನ್ನು ನಿಲ್ಲಿಸಿ ಬಳಕೆದಾರರನ್ನು ಇನ್‌ಡಿಸೈನ್ ಕಡೆಗೆ ಕಳುಹಿಸಿತು. ಪೇಜ್‌ಮೇಕರ್ ಕಡತಗಳನ್ನು ನೇರವಾಗಿ ತೆರೆಯುತ್ತಿದ್ದ ಕೊನೆಯ ಇನ್‌ಡಿಸೈನ್ 2012ರ ಸಿಎಸ್6. ಆ ಬಳಿಕದ ಆವೃತ್ತಿಗಳಲ್ಲಿ ಆ ಸೌಲಭ್ಯವಿಲ್ಲ. ಆದ್ದರಿಂದ ಹೊಸ ಇನ್‌ಡಿಸೈನ್ ಆ ಕಡತವನ್ನು ತೆರೆಯದಿದ್ದರೆ ಕಡತ ಕೆಟ್ಟಿದೆ ಎಂದುಕೊಳ್ಳಬೇಡಿ. ಪೇಜ್‌ಮೇಕರ್ ಓಡುವ ಯಂತ್ರ ಇನ್ನೂ ಜೀವಂತವಾಗಿರುವಾಗಲೇ ಮುಖ್ಯ ಕಡತಗಳ ಪಿ.ಡಿ.ಎಫ್. ಮಾಡಿಕೊಳ್ಳಿ, ಪಠ್ಯವನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಸಿಎಸ್6 ಇರುವವರು ಸಿಕ್ಕರೆ ಅವರಿಂದ ಇನ್‌ಡಿಸೈನ್ ರೂಪಕ್ಕೆ ಬದಲಾಯಿಸಿಕೊಳ್ಳಿ.

ಇನ್ನು ಅಕ್ಷರಗಳ ವಿಷಯ. ಕನ್ನಡ ಗಣಕ ಪರಿಷತ್ತಿನ ನುಡಿಯೂ ಅದೇ ಕಾಲದ ಇತರ ಕನ್ನಡ ತಂತ್ರಾಂಶಗಳೂ ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ನುಡಿಯ ಫಾಂಟ್ ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಪದವನ್ನು ತೆರೆದರೆ ಮೊದಲು ದೊಡ್ಡ 'ಪಿ', ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಓರೆಗೆರೆಯ 'ಎ', ಹೀಗೆ ಸಾಲು ಕಾಣುತ್ತದೆ. ಇದನ್ನು ಕಂಡು ವೈರಸ್ ಬಂತೆಂದು ಗಾಬರಿಪಡುವವರಿದ್ದಾರೆ. ಆ ಪಠ್ಯವನ್ನು ಆಯ್ಕೆ ಮಾಡಿ ನುಡಿಯ ಹಳೆಯ ಫಾಂಟ್ ಕೊಟ್ಟು ನೋಡಿ. ಕನ್ನಡ ಮೂಡಿದರೆ ದತ್ತಾಂಶ ಸುರಕ್ಷಿತವಾಗಿದೆ. ಮೂಡದಿದ್ದರೆ ಅದು ಶ್ರೀಲಿಪಿಯಂತಹ ಬೇರೆ ತಂತ್ರಾಂಶದಲ್ಲಿ ಬರೆದದ್ದಿರಬಹುದು, ಅದರ ಸಂಕೇತವೇ ಬೇರೆ.

ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳಿದ್ದರೆ ಫಾಂಟ್ ಇಲ್ಲ ಎಂದಷ್ಟೇ ಅರ್ಥ. ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ, ಯಾರೋ ಆ ಕಡತವನ್ನು ತಪ್ಪು ಸಂಕೇತದಲ್ಲಿ ಉಳಿಸಿರುವ ಸಾಧ್ಯತೆ ಹೆಚ್ಚು; ಹಾಗಾಗಿದ್ದರೆ ಮೂಲ ಅಕ್ಷರಗಳು ಆ ಪ್ರತಿಯಲ್ಲಿ ಉಳಿದಿಲ್ಲ. ಅದನ್ನು ಮತ್ತೆ ಉಳಿಸದೆ ಮುಚ್ಚಿ, ಹಿಂದಿನ ಪ್ರತಿಯನ್ನು ಹುಡುಕಿ.

ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಎರಡು ಕಡೆ ಕಣ್ಣಿಟ್ಟು ಓದಬೇಕು. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ವ್ಯಂಜನದ ಬಳಿಕ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಆದ್ದರಿಂದ 'ಸೂರ್ಯ', 'ಕರ್ನಾಟಕ'ದಂತಹ ಪದಗಳು ತಪ್ಪಬಹುದು. ಕನ್ನಡದ ನಡುವೆ ಇದ್ದ ಇಂಗ್ಲಿಷ್ ಪದಗಳನ್ನು ಪರಿವರ್ತಕ ಕನ್ನಡದ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಹೆಸರು, ವಿಳಾಸಗಳಿರುವ ಕಡತಗಳನ್ನು ಮೂಲದ ಮುದ್ರಿತ ಪ್ರತಿಯೊಡನೆ ಹೋಲಿಸದೆ ಬಳಸಬೇಡಿ.

ಲಕ್ಷಣ: ಬಹುಕಾಲ ಸದ್ದಿಲ್ಲದಿದ್ದ ಪ್ಯಾಕೇಜಿಗೆ ದಿಢೀರನೆ ಹೊಸ ಆವೃತ್ತಿ ಬಂದಿದೆ

ಅಪ್‌ಡೇಟ್ ಬಾರದಿದ್ದಾಗ ಅಂಜುವವರು ಅದು ಬಂದಾಗ ನಿರಾಳರಾಗುತ್ತಾರೆ. ನನಗೆ ಇದೇ ಹೆಚ್ಚು ಅಪಾಯಕಾರಿ ಲಕ್ಷಣವಾಗಿ ಕಾಣುತ್ತದೆ. ಎನ್‌ಪಿಎಂನ ಈವೆಂಟ್‌ಸ್ಟ್ರೀಮ್ ಪ್ಯಾಕೇಜಿನ ಲೇಖಕರಿಗೆ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ; ನೆರವಾಗುತ್ತೇನೆಂದು ಬಂದ ಅಪರಿಚಿತರಿಗೆ ಅದನ್ನು ಒಪ್ಪಿಸಿದರು. 2018ರ ಸೆಪ್ಟೆಂಬರಿನಲ್ಲಿ ಆ ಹೊಸಬರು, ಬಿಟ್‌ಕಾಯಿನ್ ವ್ಯಾಲೆಟ್ ಒಂದನ್ನು ಗುರಿಯಾಗಿಸಿಕೊಂಡ ಕಳ್ಳ ಕೋಡ್ ಇರುವ ಇನ್ನೊಂದು ಪ್ಯಾಕೇಜನ್ನು ಅದಕ್ಕೆ ಜೋಡಿಸಿದರು. ಅದು ಬೆಳಕಿಗೆ ಬಂದದ್ದು ನವೆಂಬರಿನಲ್ಲಿ. 2024ರ ಮಾರ್ಚಿನಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಪ್ರಕರಣದಲ್ಲಿ ಒಬ್ಬ ನಿರ್ವಾಹಕರೇ ಹೊರುತ್ತಿದ್ದ ಹೊರೆಗೆ ಹೆಗಲು ಕೊಡುವಂತೆ ಬಂದ ವ್ಯಕ್ತಿ, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟಿದ್ದ. ದೂರದ ಯಂತ್ರವನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಒಬ್ಬ ಎಂಜಿನಿಯರ್ ಕಡೆಗಣಿಸದೆ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿತ್ತು.

ಇಂತಹ ಆವೃತ್ತಿ ಕಂಡಾಗ ಕೂಡಲೇ ಅಪ್‌ಡೇಟ್ ಮಾಡಬೇಡಿ. ಬಳಸುವ ಪ್ಯಾಕೇಜುಗಳ ಆವೃತ್ತಿಗಳನ್ನು ನಮೂದಿಸುವ ಲಾಕ್ ಫೈಲಿನಲ್ಲಿ ಹಳೆಯ ಆವೃತ್ತಿಯನ್ನು ಕಟ್ಟಿಹಾಕಿ. ಪ್ರಕಟಿಸಿದವರ ಹೆಸರು ಬದಲಾಗಿದೆಯೇ, ಹೊಸ ಅವಲಂಬನೆಗಳು ಸೇರಿವೆಯೇ ಎಂದು ನೋಡಿ. ಬಿಡುಗಡೆಯಾದ ಪ್ಯಾಕೇಜನ್ನು ಮೂಲ ಕೋಡಿನ ಸಂಗ್ರಹದೊಡನೆ ಹೋಲಿಸಿ. ಎಕ್ಸ್‌ಝಡ್‌ನಲ್ಲಿ ಹಿಂಬಾಗಿಲನ್ನು ಚಾಲನೆಗೆ ತರುವ ತುಣುಕು ಬಿಡುಗಡೆಯ ಕಟ್ಟಿನಲ್ಲಿ ಇತ್ತು, ಗಿಟ್ ಸಂಗ್ರಹದಲ್ಲಿ ಇರಲಿಲ್ಲ.

ಎಲ್ಲಿ ನಿಲ್ಲಿಸಿ ನೆರವು ಕೇಳಬೇಕು

ಕಡತಗಳ ಹೆಸರಿನ ಕೊನೆ ತಾನಾಗಿಯೇ ಬದಲಾಗಿದ್ದರೆ, ಹಣ ಕೇಳುವ ಸಂದೇಶ ಪರದೆಯ ಮೇಲೆ ಬಂದಿದ್ದರೆ, ಇನ್ನು ನೀವಾಗಿ ಏನನ್ನೂ ಪ್ರಯತ್ನಿಸಬೇಡಿ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಬ್ಯಾಕಪ್ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸದೆ ದೂರವಿಡಿ. ಹಣ ಹೋಗಿದ್ದರೆ 1930 ಸಹಾಯವಾಣಿಗೆ ತಕ್ಷಣ ಕರೆ ಮಾಡಿ. ಸಂಸ್ಥೆಗಳಾದರೆ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳ ಒಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು. 2017ರ ಮೇ ತಿಂಗಳಲ್ಲಿ, ಕಡತಗಳನ್ನು ಬಂಧಿಸಿ ಹಣ ಕೇಳುವ ವಾನಾಕ್ರೈ ಹರಡಿದಾಗ, ಮೂರು ವರ್ಷ ಹಿಂದೆಯೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಕೊಟ್ಟಿತು ನಿಜ. ಅದನ್ನು ವಾಡಿಕೆ ಎಂದು ನೆಚ್ಚಿಕೊಂಡು ಕೂರುವಂತಿಲ್ಲ.

ಲೆಕ್ಕಪತ್ರ, ರೋಗಿಗಳ ದಾಖಲೆ, ನೌಕರರ ಸಂಬಳದ ವಿವರಗಳು ಆ ಒಂದೇ ತಂತ್ರಾಂಶದ ರೂಪದಲ್ಲಿದ್ದು ಬೇರೆಲ್ಲಿಯೂ ತೆರೆಯದಿದ್ದರೂ ಸ್ವಂತ ಪ್ರಯೋಗ ಬೇಡ. ತಂತ್ರಜ್ಞರ ಬಳಿಗೆ ಹೋಗುವಾಗ ಆವೃತ್ತಿಯ ಸಂಖ್ಯೆ, ದೋಷದ ಸಂದೇಶದ ಚಿತ್ರ, ತೊಂದರೆ ಶುರುವಾದ ದಿನಾಂಕ, ಅದಕ್ಕೆ ಮುಂಚೆ ಯಂತ್ರದಲ್ಲಿ ಆದ ಬದಲಾವಣೆ, ಇಷ್ಟನ್ನು ಬರೆದುಕೊಂಡು ಹೋಗಿ. ಮೊದಲು ಡಿಸ್ಕಿನ ಪೂರ್ಣ ಕ್ಲೋನ್ ಮಾಡಿಸಿ. ದುರಸ್ತಿಯ ಕೆಲಸವೆಲ್ಲ ಕ್ಲೋನ್ ಮೇಲೆ ನಡೆಯಲಿ, ಮೂಲ ಡಿಸ್ಕ್ ನಿಮ್ಮ ಬಳಿಯೇ ಇರಲಿ.